ಕಪ್ಪು ಪರದೆಯ ಮುಂದೆ ಕುಳಿತಾಗ

(ಸಂಘದ ಕಂಪ್ಯೂಟರ್ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಒಂದು ತರಬೇತಿ ಕೊಠಡಿಯಲ್ಲಿ ನಡೆದ ಸಂಗತಿಯಿಂದ ಆರಂಭಿಸುತ್ತೇನೆ. ಅಲ್ಲಿನ ಯಂತ್ರಗಳಲ್ಲಿ ಯುನಿಕ್ಸ್ ಮಾದರಿಯ ಲಿನಕ್ಸ್ ಇತ್ತು. ಒಂದು ದಿನ ಒಂದು ಯಂತ್ರದಲ್ಲಿ ಚಿತ್ರ, ಕಿಟಕಿಗಳಿರುವ ಪರದೆ ಬರಲಿಲ್ಲ. ಬರೀ ಅಕ್ಷರಗಳ ಕಪ್ಪು ಪರದೆ ಬಂತು. ಇದಕ್ಕೆ ಕನ್ಸೋಲ್ ಎನ್ನುತ್ತಾರೆ. ಕುಳಿತಿದ್ದ ಹುಡುಗಿ ಹೆಸರು ಕೊಟ್ಟಳು, ಪಾಸ್‌ವರ್ಡ್ ಕೊಟ್ಟಳು. ತಪ್ಪೆಂದು ಬಂತು. ನಾಲ್ಕೈದು ಸಲ ಹೀಗೇ ಆಯಿತು. "ಸರ್, ನನ್ನಿಂದ ಏನೋ ಹಾಳಾಯಿತು" ಎಂದು ಎದ್ದು ನಿಂತಳು. ಮರುದಿನ ತರಗತಿಗೆ ಬರಲಿಲ್ಲ. ಅವಳ ಮನೆಯಲ್ಲಿ ಕಂಪ್ಯೂಟರ್ ಮುಟ್ಟಿದವರಲ್ಲಿ ಅವಳೇ ಮೊದಲಿಗಳು.

ಏನೂ ಹಾಳಾಗಿರಲಿಲ್ಲ. ನಮ್ಮಲ್ಲಿ ಮಾರುವ ಕೀಲಿಮಣೆಗಳು ಹೆಚ್ಚಾಗಿ ಅಮೆರಿಕದ ವಿನ್ಯಾಸದವು. ಆ ಯಂತ್ರದ ಕನ್ಸೋಲಿಗೆ ಯಾರೋ ಬ್ರಿಟಿಷ್ ವಿನ್ಯಾಸ ಆರಿಸಿದ್ದರು. ಅಮೆರಿಕದ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು 2 ಒತ್ತಿದರೆ 'ಅಟ್' ಚಿಹ್ನೆ ಬರುತ್ತದೆ, ಬ್ರಿಟಿಷ್ ವಿನ್ಯಾಸದಲ್ಲಿ ಜೋಡಿ ಉದ್ಧರಣ ಚಿಹ್ನೆ ಬರುತ್ತದೆ. ಅವಳ ಪಾಸ್‌ವರ್ಡಿನಲ್ಲಿ 'ಅಟ್' ಇತ್ತು. ಪಾಸ್‌ವರ್ಡ್ ಪರದೆಯ ಮೇಲೆ ಕಾಣುವುದಿಲ್ಲವಲ್ಲ, ತಿಳಿಯುವುದಾದರೂ ಹೇಗೆ?

ತಿಳಿಯಲು ಉಪಾಯವಿದೆ. ಹೆಸರು ಕೇಳುವ ಜಾಗದಲ್ಲಿ ಒತ್ತಿದ್ದೆಲ್ಲ ಕಾಣುತ್ತದೆ. ಅಲ್ಲಿ ಚಿಹ್ನೆಗಳನ್ನೂ ಅಂಕಿಗಳನ್ನೂ ಒಂದೊಂದಾಗಿ ಒತ್ತಿ ನೋಡಿ, ನಂತರ ಅಳಿಸಿ. ಪೂರ್ತಿ ಪಾಸ್‌ವರ್ಡ್ ಮಾತ್ರ ಅಲ್ಲಿ ಬರೆಯಬೇಡಿ, ಕೈತಪ್ಪಿ ಎಂಟರ್ ಒತ್ತಿದರೆ ಅದು ದಾಖಲೆಯಲ್ಲಿ ಉಳಿಯಬಹುದು. ಕ್ಯಾಪ್ಸ್ ಲಾಕ್ ದೀಪವನ್ನೂ ನೋಡಿ. ಕೆಲವು ಸಣ್ಣ ಲ್ಯಾಪ್‌ಟಾಪ್‌ಗಳಲ್ಲಿ ನಂ ಲಾಕ್ ಬಿದ್ದರೆ ಜೆ, ಕೆ, ಎಲ್ ಒತ್ತಿದಾಗ 1, 2, 3 ಬರುತ್ತದೆ.

ಆ ದಿನ ಎಂಟರ್‌ನ ಎಡಪಕ್ಕದ ಕೀಲಿಯನ್ನು ಶಿಫ್ಟ್‌ನೊಡನೆ ಒತ್ತಿ 'ಅಟ್' ಪಡೆದು ಒಳಹೊಕ್ಕೆವು. ಡಿಬಿಯನ್, ಉಬುಂಟುಗಳಲ್ಲಿ 'ಇಟಿಸಿ'ಯೊಳಗಿನ 'ಡಿಫಾಲ್ಟ್' ಕೋಶದಲ್ಲಿ 'ಕೀಬೋರ್ಡ್' ಎಂಬ ಕಡತವಿದೆ. ಅದರಲ್ಲಿ 'ಜಿಬಿ' ಎಂದಿದ್ದುದನ್ನು 'ಯುಎಸ್' ಮಾಡಿ, ಮೇಲ್ವಿಚಾರಕರ ಅಧಿಕಾರದಿಂದ 'ಸೆಟಪ್‌ಕಾನ್' ಎಂಬ ಆಜ್ಞೆ ಕೊಟ್ಟೆವು. ಎರಡು ನಿಮಿಷದ ಕೆಲಸ. ಆ ಹುಡುಗಿಯ ತಾಯಿಗೆ ಹೇಳಿ ಕಳಿಸಿ ಅವಳನ್ನು ಮತ್ತೆ ಕರೆಸಲು ಮಾತ್ರ ಎರಡು ವಾರ ಬೇಕಾಯಿತು.

ಇನ್ನೊಂದು ದೂರು: "ಪರದೆ ಕಲ್ಲಾಗಿದೆ, ಏನು ಒತ್ತಿದರೂ ಬರುವುದಿಲ್ಲ." ಕೂಡಲೇ ಕರೆಂಟ್ ತೆಗೆಯುವವರೇ ಹೆಚ್ಚು. ಯುನಿಕ್ಸ್ 1969ರಲ್ಲಿ ಆರಂಭವಾದಾಗ ಪರದೆಯ ಬದಲು ಕಾಗದದ ಮೇಲೆ ಬಡಿಯುವ ಟೆಲಿಟೈಪ್ ಯಂತ್ರಗಳಿದ್ದವು. ಅಂಥ ಕಾಲದ 'ಸ್ವಲ್ಪ ನಿಲ್ಲು' ಎಂಬ ಸಂಕೇತ ಕಂಟ್ರೋಲ್ ಮತ್ತು ಎಸ್. ವಿಂಡೋಸ್‌ನಲ್ಲಿ ಕಡತ ಉಳಿಸಿ ಅಭ್ಯಾಸವಾದ ಕೈ ಇಲ್ಲೂ ಅದನ್ನೇ ಒತ್ತುತ್ತದೆ, ಪರದೆ ನಿಲ್ಲುತ್ತದೆ. ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಮುಂದುವರಿಯುತ್ತದೆ. ಎಚ್ಚರ: ನಡುವೆ ಗಾಬರಿಯಲ್ಲಿ ಒತ್ತಿದ್ದೆಲ್ಲ ಸಾಲಾಗಿ ಕಾದಿದ್ದು ಒಮ್ಮೆಲೇ ಜಾರಿಗೆ ಬರುತ್ತದೆ. ಆದ್ದರಿಂದ ಪರದೆ ನಿಂತರೆ ಮೊದಲು ಕೈ ತೆಗೆಯಿರಿ.

ಚಿತ್ರದ ಕಡತವನ್ನು ಬರಹವೆಂದು ತೆರೆದು ಅಕ್ಷರಗಳೆಲ್ಲ ವಿಚಿತ್ರವಾದರೆ ಕಂಟ್ರೋಲ್ ಮತ್ತು ಸಿ ಒತ್ತಿ, ಕಾಣದಿದ್ದರೂ 'ರೀಸೆಟ್' ಎಂದು ಬರೆದು ಎಂಟರ್ ಕೊಡಿ. ಎಂಟರ್ ನಡೆಯದಿದ್ದರೆ ಕಂಟ್ರೋಲ್ ಮತ್ತು ಜೆ.

ಪರದೆ ಪೂರ್ತಿ ಕಪ್ಪಾಗಿದ್ದರೆ ಮೊದಲು ಕೇಬಲ್ ನೋಡಿ. (ನಗಬೇಡಿ, ನಾನೇ ಅರ್ಧ ಗಂಟೆ ಕಳೆದಿದ್ದೇನೆ.) ನಂತರ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಬೇರೆ ಕನ್ಸೋಲ್ ಸಿಗಬಹುದು. ಅದೂ ಇಲ್ಲದಿದ್ದರೆ ಯಂತ್ರ ಏಳುವಾಗ ಬರುವ ಗ್ರಬ್ ಪಟ್ಟಿಯಲ್ಲಿ ಇ ಒತ್ತಿ, 'ಲಿನಕ್ಸ್' ಎಂದು ಆರಂಭವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ ಎಫ್10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ, ಆದ್ದರಿಂದ ಭಯ ಬೇಡ.

ಕನ್ನಡದ ಕಡತದ ಹೆಸರುಗಳು ಕನ್ಸೋಲಿನಲ್ಲಿ ಚೌಕಗಳಾಗಿ ಕಂಡರೆ ಅಳಿಸಿಬಿಡಬೇಡಿ. ಅಲ್ಲಿನ ಅಕ್ಷರಶೈಲಿಯಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಒತ್ತಕ್ಷರ ಜೋಡಿಸುವ ವ್ಯವಸ್ಥೆಯೂ ಇಲ್ಲ. ಕಿಟಕಿಗಳ ಪರದೆಗೆ ಮರಳಿದರೆ, ಕನ್ನಡ ಅಕ್ಷರಶೈಲಿ ಹಾಕಿರುವ ಯಂತ್ರದಲ್ಲಿ, ನೀವು ಬರೆದದ್ದು ಬರೆದಂತೆಯೇ ಇರುತ್ತದೆ.