ಭಾರ ಹೊತ್ತವರ ಮಾತು

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಷೇರು ಎಷ್ಟು, ಸಾಲ ಎಷ್ಟು, ವಸೂಲಿ ಎಷ್ಟು ಎಂಬುದನ್ನು ಕಾರ್ಯದರ್ಶಿಗಳು ಈಗಾಗಲೇ ತಮಗೆ ಓದಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ತಮ್ಮ ಊಟದ ಹೊತ್ತು ಮೀರಿಸುವುದಿಲ್ಲ. ನಾವು ಬೇರೊಂದು ವಿಷಯ ಎತ್ತಿಕೊಂಡಿದ್ದೇವೆ. ನಮ್ಮ ಗೋದಾಮಿಗೆ ಗೊಬ್ಬರ ತಾನಾಗಿ ನಡೆದು ಬರಲಿಲ್ಲ. ನಮ್ಮ ಬೆಲ್ಲ, ಭತ್ತ ತಾವಾಗಿ ಪೇಟೆಗೆ ಹೋಗಲಿಲ್ಲ. ಹೊತ್ತವರು ಲಾರಿಯವರು. ಸಂಘದ ದಾಸ್ತಾನು ಪುಸ್ತಕ ತೆಗೆದು ನೋಡಿದೆವು. ಲಾರಿ ನಂಬರು ಇದೆ, ಚೀಲದ ಲೆಕ್ಕ ಇದೆ, ಬಾಡಿಗೆ ಇದೆ. ಡ್ರೈವರ ಹೆಸರು ಮಾತ್ರ ಒಂದು ಕಡೆಯೂ ಇಲ್ಲ.

ಅದಕ್ಕೇ ಕಳೆದ ಒಂದು ತಿಂಗಳಿಂದ ನಮ್ಮೂರಿನ ಮತ್ತು ಸುತ್ತಲಿನ ಹಳ್ಳಿಗಳ ಹಳೇ ಡ್ರೈವರುಗಳನ್ನು ಸಂಜೆ ಹೊತ್ತು ಗೋದಾಮಿನ ಜಗಲಿ ಮೇಲೆ ಕೂರಿಸಿಕೊಂಡು ಮಾತು ಕೇಳಿದೆವು. ಎಲ್ಲರೂ ಎಪ್ಪತ್ತು ದಾಟಿದವರು. ಒಬ್ಬರಿಗೆ ಕಿವಿ ಸರಿಯಾಗಿ ಕೇಳಿಸದು, ಇನ್ನೊಬ್ಬರಿಗೆ ಸೊಂಟ ನೆಟ್ಟಗಾಗದು. ಆದರೆ ಲಾರಿ ಮಾತು ಎತ್ತಿದರೆ ಸಾಕು, ಇಪ್ಪತ್ತರ ಹುಡುಗರಾಗಿಬಿಡುತ್ತಾರೆ.

ಅವರು ಕ್ಲೀನರಾಗಿ ಸೇರಿದ ಕಾಲದಲ್ಲಿ ಬೆಡ್‌ಫೋರ್ಡ್, ಫಾರ್ಗೊ, ಲೇಲ್ಯಾಂಡ್ ಕಾಮೆಟ್ ಲಾರಿಗಳಿದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಅವರು ನೆನೆಯುವುದು 'ಬೆಂಜ್' ಗಾಡಿಯನ್ನು. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿ ಜೊತೆ 1954ರಲ್ಲಿ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿದರು. ಮೂತಿ ಮೇಲೆ ಮೂರು ಮೊನೆಯ ನಕ್ಷತ್ರ. 1969ರಲ್ಲಿ ಒಪ್ಪಂದ ಮುಗಿದ ಮೇಲೆ ನಕ್ಷತ್ರ ಹೋಗಿ ಟಾಟಾದ 'ಟಿ' ಅಕ್ಷರ ಬಂತು. ಆದರೂ ನಮ್ಮ ಕಡೆ ಬಹಳ ಕಾಲ ಅದು ಬೆಂಜ್ ಲಾರಿಯಾಗಿಯೇ ಉಳಿಯಿತು.

ಕಂಪನಿಯಿಂದ ಬರುತ್ತಿದ್ದದ್ದು ಇಂಜಿನ್ನು ಮತ್ತು ಚಾಸಿ ಮಾತ್ರ. ಕ್ಯಾಬಿನ್ನು, ಬಾಡಿ ಎಲ್ಲಾ ನಮ್ಮ ಬಡಗಿಗಳು ಮರದಲ್ಲಿ ಕಟ್ಟಬೇಕಿತ್ತು. ಪವರ್ ಸ್ಟೇರಿಂಗ್ ಇಲ್ಲ. ತುಂಬಿದ ಗಾಡಿಯನ್ನು ತಿರುವಿನಲ್ಲಿ ತಿರುಗಿಸಬೇಕಾದರೆ ಎದ್ದು ನಿಂತು ಎರಡೂ ಕೈಯಲ್ಲಿ ಸ್ಟೇರಿಂಗ್ ಎಳೆಯಬೇಕು. ಗೇರು ಇಳಿಸಲು ಎರಡು ಸಲ ಕ್ಲಚ್ಚು ತುಳಿಯಬೇಕು. ಇಂಜಿನ್ನಿನ ಕಾವು ಕಾಲಿಗೆ ಬಡಿಯುತ್ತಿತ್ತು. ಅದರ ಸದ್ದೇ ಇವತ್ತು ಅವರ ಕಿವಿ ತೆಗೆದದ್ದು.

'ಹನ್ನೆರಡು ಹತ್ತು' ಅಂತ ಒಂದು ಗಾಡಿ ಇತ್ತಲ್ಲ, ಆ 1210 ನಂಬರಿಗೂ ಅರ್ಥ ಇದೆ. ಗಾಡಿಯ ಸ್ವಂತ ತೂಕವೂ ಸೇರಿ 12 ಟನ್, ಇಂಜಿನ್ನಿನ ಬಲ ಸುಮಾರು 100 ಕುದುರೆ. ಹಾಗಾಗಿ ಮಾಲಿಗೆ ಉಳಿಯುತ್ತಿದ್ದದ್ದು ಏಳೆಂಟು ಟನ್. ಅಂದರೆ 50 ಕಿಲೋದ ಗೊಬ್ಬರದ ಚೀಲ ನೂರೈವತ್ತರ ಆಸುಪಾಸು.

ನಮ್ಮ ಕಡೆಯ ಬೆಲ್ಲ, ಅಕ್ಕಿ ತುಂಬಿಕೊಂಡು ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದು, ಬರುವಾಗ ಹೆಂಚು ತರುವುದು ಅವರ ದಾರಿಯಾಗಿತ್ತು. ಪಣಂಬೂರಿನ ಗೊಬ್ಬರದ ಕಾರ್ಖಾನೆ 1976ರಲ್ಲಿ ಯೂರಿಯಾ ಮಾಡಲು ಶುರು ಮಾಡಿದ ಮೇಲೆ ಗೊಬ್ಬರವೂ ಲೋಡಿಗೆ ಸೇರಿತು. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದರೆ ಎರಡು ದಿನ, ಮೂರು ದಿನ ಅಲ್ಲೇ. ಈಗ ಆ ಘಾಟಿಗೆ 2015 ಮತ್ತು 2018ರಲ್ಲಿ ಕಾಂಕ್ರೀಟು ಹಾಕಿದ್ದಾರೆ. ಆಗ ಇದ್ದದ್ದು ಗುಂಡಿ, ಕೆಸರು, ಕತ್ತಲೆ.

ಇಳಿಜಾರಿನ ವಿಷಯದಲ್ಲಿ ಅವರಿಗೆ ಒಂದೇ ಶಾಸ್ತ್ರ. "ಯಾವ ಗೇರಲ್ಲಿ ಹತ್ತುತೀಯೋ ಅದೇ ಗೇರಲ್ಲಿ ಇಳಿ ಕಣಪ್ಪ. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡ್ದೆ ಅಂದ್ರೆ ಮನೆಗೆ ಬರಲ್ಲ" ಎಂದರು ಒಬ್ಬ ಹಿರಿಯರು. ಇದಕ್ಕೆ ಕಾರಣವೂ ಇದೆ. ಗೇರಿನಲ್ಲಿದ್ದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನ್ಯೂಟ್ರಲ್ ಮಾಡಿದರೆ ಎಲ್ಲಾ ಭಾರ ಬ್ರೇಕಿನ ಮೇಲೆ. ಬ್ರೇಕ್ ಹಿಡಿದೂ ಹಿಡಿದೂ ಡ್ರಮ್ಮು ಕಾದು, ಲೈನಿಂಗ್ ಸುಟ್ಟ ವಾಸನೆ ಬಂದು, ಕೊನೆಗೆ ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಭಾರ ಎರಡರಷ್ಟಾದರೆ ಬ್ರೇಕಿಗೆ ಕೆಲಸ ಎರಡರಷ್ಟು. ವೇಗ ಎರಡರಷ್ಟಾದರೆ ಕೆಲಸ ನಾಲ್ಕರಷ್ಟು. ನಾವು ಎಸ್ಸೆಸ್ಸೆಲ್ಸಿಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆವು. ಅವರು ಘಾಟಿಯಲ್ಲಿ ಕಲಿತಿದ್ದರು.

ಏರಿನಲ್ಲಿ ಕ್ಲೀನರ್ ಹುಡುಗನ ಕೆಲಸ ಬೇರೆ. ಮರದ ತುಂಡು ಹಿಡಿದು ಹಿಂದಿನ ಚಕ್ರದ ಪಕ್ಕದಲ್ಲೇ ನಡೆಯಬೇಕು. ಗಾಡಿ ನಿಂತು ಹಿಂದಕ್ಕೆ ಜಾರಿದರೆ ತಕ್ಷಣ ಚಕ್ರಕ್ಕೆ ಕೊಡಬೇಕು. ಹಾಗೆ ಕೊಡಲು ಹೋಗಿ ಒಬ್ಬ ಹುಡುಗನ ಎರಡು ಬೆರಳು ಹೋದವು. ಆ ಹುಡುಗ ಮುಂದೆ ಮೂವತ್ತು ವರ್ಷ ಲಾರಿ ಓಡಿಸಿದರು. ಇವತ್ತು ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ.

ಭಾರಿ ಲೋಡಿನ ಮಾತು ಬಂದಾಗ ಅವರೆಲ್ಲ ಹೇಳಿದ್ದು ಧರ್ಮಸ್ಥಳದ ಬಾಹುಬಲಿ ಮೂರ್ತಿಯ ಸಂಗತಿ. ರೆಂಜಾಳ ಗೋಪಾಲಕೃಷ್ಣ ಶೆಣೈ ಅವರು ಕಾರ್ಕಳದಲ್ಲಿ ಕಡೆದ 39 ಅಡಿಯ ಏಕಶಿಲಾ ಮೂರ್ತಿ, ಸುಮಾರು 170 ಟನ್ ತೂಕ. 1973ರಲ್ಲಿ ಅದನ್ನು ಹತ್ತಾರು ಚಕ್ರಗಳ ಟ್ರಾಲಿ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಿದರು. ಆಗಿನ ಒಂದು ಲಾರಿಯ ಲೋಡಿಗೆ ಇಪ್ಪತ್ತು ಪಟ್ಟು! ಅದು ಊರಿಂದೂರಿಗೆ ಆನೆ ನಡಿಗೆಯಲ್ಲಿ ಹೋಯಿತು. "ಭಾರ ಜಾಸ್ತಿ ಆದಷ್ಟೂ ಚಕ್ರ ಜಾಸ್ತಿ ಆಗಬೇಕು, ಅವಸರ ಕಡಿಮೆ ಆಗಬೇಕು. ಈಗಿನವರು ಚಕ್ರ ಅಷ್ಟೇ ಇಟ್ಕೊಂಡು ಅವಸರ ಜಾಸ್ತಿ ಮಾಡ್ತಾರೆ" ಎಂದರು ಆ ಹಿರಿಯರು.

ಬಂಧುಗಳೇ, ಈ ಮಾತಿಗಾಗಿಯೇ ನಾವು ಈ ವಿಷಯ ಎತ್ತಿಕೊಂಡದ್ದು. ಈಗ ನಮ್ಮ ಕಬ್ಬು ಕಾರ್ಖಾನೆಗೆ ಹೋಗುವುದು ಟ್ರ್ಯಾಕ್ಟರಿನಲ್ಲಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರು. ಎಷ್ಟೋ ಟ್ರೈಲರುಗಳಿಗೆ ಸ್ವಂತ ಬ್ರೇಕೇ ಇಲ್ಲ. ಇಳಿಜಾರಿನಲ್ಲಿ ಹಿಂದಿನ ಭಾರ ಮುಂದಿನ ಟ್ರ್ಯಾಕ್ಟರನ್ನೇ ನೂಕುತ್ತದೆ. ಕಬ್ಬಿನ ಸೋಗೆ ಹಿಂದೆ ಜೋತು ಬಿದ್ದು ಇದ್ದ ಕೆಂಪು ದೀಪವೂ ಮುಚ್ಚಿಹೋಗುತ್ತದೆ. ಪಂಚರಾದರೆ ರಸ್ತೆ ಮಧ್ಯೆ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಟ್ರೈಲರು ಹೋದ ಮೇಲೂ ಕಲ್ಲು ಅಲ್ಲೇ ಇರುತ್ತದೆ. ಕಳೆದ ಹಂಗಾಮಿನಲ್ಲಿ ಕತ್ತಲಲ್ಲಿ ನಿಂತಿದ್ದ ಟ್ರೈಲರಿಗೆ ಬೈಕು ಬಡಿದು ಪಕ್ಕದ ಊರಿನ ಹುಡುಗನೊಬ್ಬ ತೀರಿಹೋದದ್ದು ತಮಗೆಲ್ಲ ಗೊತ್ತು. ಅವನ ತಂದೆಯೂ ನಮ್ಮ ಹಾಗೆ ಕಬ್ಬು ಬೆಳೆಯುವವರೇ.

ಕಾನೂನು ಇಲ್ಲವೆಂದಲ್ಲ. ಎರಡು ಆಕ್ಸಲಿನ ಲಾರಿಗೆ ಗಾಡಿ ಸೇರಿ 16.2 ಟನ್ ಇದ್ದ ಮಿತಿಯನ್ನು 2018ರಲ್ಲಿ 18.5 ಟನ್ ಮಾಡಿದ್ದಾರೆ. 2019ರ ತಿದ್ದುಪಡಿಯಲ್ಲಿ ಹೆಚ್ಚು ಭಾರ ಹಾಕಿದರೆ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ಎಂದಿದೆ. ದಂಡ ಕಟ್ಟಿದರೆ ಮುಗಿಯಿತು. ಜೀವ ಹೋದರೆ ಯಾವ ಸಂಘವೂ ಸಾಲ ಕೊಟ್ಟು ತರಲಾರದು.

ಆದ್ದರಿಂದ ಈ ಸಭೆಯ ಮುಂದೆ ಮೂರು ಮಾತು ಇಡುತ್ತೇವೆ. ಒಂದು, ಕಬ್ಬು ಅರೆಯುವ ಹಂಗಾಮು ಶುರುವಾಗುವ ಮೊದಲು ಒಂದು ದಿನ ಗೋದಾಮಿನ ಮುಂದೆ ಟ್ರ್ಯಾಕ್ಟರ್ ಓಡಿಸುವ ಹುಡುಗರನ್ನೆಲ್ಲ ಸೇರಿಸಿ ಈ ಹಿರಿಯರಿಂದ ಹೇಳಿಸೋಣ. ಪೊಲೀಸರು ಹೇಳಿದರೆ ಹುಡುಗರು ನಗುತ್ತಾರೆ, ಬೆರಳು ಹೋದವರು ಹೇಳಿದರೆ ಕೇಳುತ್ತಾರೆ. ಎರಡು, ಸದಸ್ಯರ ಪ್ರತಿ ಟ್ರೈಲರಿಗೂ ಹೊಳೆಯುವ ಕೆಂಪು ಪಟ್ಟಿ ಮತ್ತು ಚಕ್ರಕ್ಕೆ ಕೊಡುವ ಒಂದು ಜೊತೆ ಮರದ ತುಂಡನ್ನು ಸಂಘದಿಂದಲೇ ಕೊಡೋಣ. ಒಂದು ಚೀಲ ಗೊಬ್ಬರದಷ್ಟು ಖರ್ಚಾದೀತು, ಅಷ್ಟೇ. ಮೂರು, ಇನ್ನು ಮೇಲೆ ದಾಸ್ತಾನು ಪುಸ್ತಕದಲ್ಲಿ ಲಾರಿ ನಂಬರಿನ ಪಕ್ಕ ಡ್ರೈವರ ಹೆಸರನ್ನೂ ಬರೆಯೋಣ.

ಇದು ದೊಡ್ಡ ಬಂಡವಾಳದ ಕೆಲಸವಲ್ಲ, ದೊಡ್ಡ ಕಚೇರಿಗಳಿಂದ ಮಂಜೂರಾತಿ ಬೇಕಾದ ಕೆಲಸವೂ ಅಲ್ಲ. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಇದನ್ನು ಠರಾವಿಗೆ ತರುತ್ತೇವೆ. ತಾವು ಒಪ್ಪಿಗೆ ಕೊಡಬೇಕು. ಒಪ್ಪಿಗೆ ಕೊಟ್ಟು ಸುಮ್ಮನಾಗದೆ, ತಮ್ಮ ತಮ್ಮ ಮನೆಯ ಟ್ರೈಲರಿನ ಹಿಂದಕ್ಕೆ ಇವತ್ತು ಸಂಜೆಯೇ ಒಮ್ಮೆ ಹೋಗಿ ದೀಪ ಇದೆಯೇ ನೋಡಬೇಕು.