ಬಾಕಿ ಪುಸ್ತಕವೂ ಬಿಲ್ಲಿನ ಚೀಟಿಯೂ

(ಬಂಗಾರಪೇಟೆಯಲ್ಲಿ ಚಿಲ್ಲರೆ ವರ್ತಕರು ಮತ್ತು ಬಳಕೆದಾರರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಗಿರಾಕಿಗೆ ಒಳ್ಳೆಯ ಉಪಚಾರ ಸಿಗುವುದು ಬೀದಿಯ ಅಂಗಡಿಯಲ್ಲೋ, ದೊಡ್ಡ ಕಂಪನಿಗಳ ಸರಣಿ ಮಳಿಗೆಯಲ್ಲೋ ಎಂಬ ಪ್ರಶ್ನೆಗೆ ಉತ್ತರ ಹೇಳಲು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಎದುರಿಗೆ ಅರ್ಧ ಜನ ಮಾರುವವರು, ಅರ್ಧ ಜನ ಕೊಳ್ಳುವವರು. ಇಬ್ಬರಿಗೂ ಹಿತವಾಗುವಂತೆ ಮಾತನಾಡುವುದು ಕಷ್ಟ. ಆದ್ದರಿಂದ ಕಂಡದ್ದನ್ನು ಕಂಡಂತೆ ಹೇಳಿಬಿಡುತ್ತೇನೆ.

ಬಂಗಾರಪೇಟೆಯಿಂದ ಗಣಿಗೆ ರೈಲುಹಳಿ ಹಾಕಿದ್ದು 1894ರಲ್ಲಿ, ಚಿನ್ನಕ್ಕಾಗಿ. ಈಗ ಅದೇ ಹಳಿಯ ಮೇಲೆ ಜನರೇ ಸರಕಾಗಿದ್ದಾರೆ. ಬೆಳಕು ಹರಿಯುವ ಮುಂಚೆ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರಲ್ಲಿ ದೊಡ್ಡ ಮಳಿಗೆಗಳ ನೌಕರರೂ ಇದ್ದಾರೆ. ಹಗಲೆಲ್ಲ ನಿಂತುಕೊಂಡು ಕಂಡವರಿಗೆಲ್ಲ “ಬನ್ನಿ ಮೇಡಂ” ಎಂದ ಹುಡುಗಿ, ರಾತ್ರಿ ರೈಲಿಳಿದು ಅರ್ಧ ಲೀಟರ್ ಎಣ್ಣೆ ಕೊಳ್ಳುವುದು ಬೀದಿ ಮೂಲೆಯ ದಿನಸಿ ಅಂಗಡಿಯಲ್ಲಿ. ಎರಡೂ ಅಂಗಡಿಗಳ ಗುಣದೋಷ ಆಕೆಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ.

ಮೊದಲು ಬೀದಿ ಅಂಗಡಿಯ ವಿಚಾರ. ನನ್ನ ತಂದೆ ಗಣಿಯ ಕೆಲಸಗಾರರು. ಬಿಳಿಯರ ಕಂಪನಿಗಳಿಂದ 1956ರಲ್ಲಿ ಮೈಸೂರು ಸರಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದ ಗಣಿ 2001ರಲ್ಲಿ ಮುಚ್ಚಿತು. ತಿಂಗಳ ಸಂಬಳ ಎಂಬುದು ನಮ್ಮ ಸಾಲುಮನೆಗಳಲ್ಲಿ ಇಲ್ಲವಾಯಿತು. ಆಗ ನಮಗೆ ಅಕ್ಕಿ ಕೊಟ್ಟವರು ಯಾರು? “ಇಂದು ನಗದು, ನಾಳೆ ಸಾಲ” ಎಂದು ಹಲಗೆ ತೂಗುಹಾಕಿಕೊಂಡಿದ್ದ ಅದೇ ಅಂಗಡಿಯ ಅಣ್ಣ. “ತಗೊಂಡು ಹೋಗಕ್ಕಾ, ಮಕ್ಕಳು ಹಸಿದಿರಬಾರದು” ಎಂದು ಬಾಕಿ ಪುಸ್ತಕದಲ್ಲಿ ಬರೆದುಕೊಂಡರು. ನಾಲ್ಕು ಭಾಷೆ ಬಲ್ಲ ಮನುಷ್ಯ. ತಮಿಳಿನವರಿಗೆ ತಮಿಳು, ತೆಲುಗಿನವರಿಗೆ ತೆಲುಗು. ಯಾವ ಮನೆಯಲ್ಲಿ ಕಾಯಿಲೆ, ಯಾವ ಮನೆಯಲ್ಲಿ ಮದುವೆ ಎಂಬುದು ಅವರಿಗೆ ಗೊತ್ತು. ಇಂಥ ಉಪಚಾರವನ್ನು ಯಾವ ಯಂತ್ರವೂ ಮಾಡಲಾರದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಾಕಿ ಏರುತ್ತ ಹೋದಂತೆ ನನ್ನ ತಾಯಿ ಆ ಅಂಗಡಿಯ ಮುಂದೆ ನಡೆಯುವುದನ್ನೇ ಬಿಟ್ಟರು; ನೀರಿಗೆ ಹೋಗಲೂ ಸುತ್ತು ದಾರಿ ಹಿಡಿದರು. ಬೇಳೆಯಲ್ಲಿ ಹುಳು ಕಂಡರೆ ಆರಿಸಿ ಬೇಯಿಸಿದರೇ ಹೊರತು ಒಂದು ಮಾತು ಆಡಲಿಲ್ಲ. ಸಾಲಗಾರಳಿಗೆ ದೂರು ಹೇಳುವ ಬಾಯಿ ಎಲ್ಲಿಯದು? ಪುಸ್ತಕ ಅವರ ಬಳಿ, ಪೆನ್ನು ಅವರ ಬಳಿ, ಬರೆದದ್ದೇ ಲೆಕ್ಕ. ಅವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಮಾಡಿದ್ದರೂ ನಮಗೆ ತಿಳಿಯುತ್ತಿರಲಿಲ್ಲ ಎಂಬುದಷ್ಟೇ ನನ್ನ ಮಾತು. ಎರಡು ವರ್ಷದಲ್ಲಿ ಆ ಅಂಗಡಿಯೂ ಮುಚ್ಚಿತು. ಪುಸ್ತಕದ ತುಂಬ ನಮ್ಮಂಥವರ ಹೆಸರು, ಗಲ್ಲಾಪೆಟ್ಟಿಗೆ ಬರಿದು. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂಬ ಗಾದೆ ಅವರ ಪಾಲಿಗೆ ನಿಜವಾಯಿತು. ಸರಕಾರದ ಗಣಿ ಇಳಿಸಿದ ಭಾರವನ್ನು ಹತ್ತಡಿ ಅಗಲದ ಅಂಗಡಿ ಎಷ್ಟು ದಿನ ಹೊರಬಲ್ಲದು?

ಇನ್ನು ದೊಡ್ಡ ಮಳಿಗೆ. ಅದನ್ನು ಬರಿದೇ ಹಳಿಯುವುದು ನ್ಯಾಯವಲ್ಲ. ಅಲ್ಲಿ ಬೆಲೆ ಎಲ್ಲರಿಗೂ ಒಂದೇ. ಸಾಮಾನನ್ನು ಕೈಯಾರೆ ಮುಟ್ಟಿ ನೋಡಬಹುದು. ಜಾತಿ ಯಾವುದು, ಅಪ್ಪ ಯಾರು ಎಂದು ಕೇಳುವವರಿಲ್ಲ. ಅಂಗಡಿಯ ಹೊಸ್ತಿಲ ಹೊರಗೆ ನಿಂತೇ ಸಾಮಾನು ಪಡೆದ ಅಜ್ಜಿಯ ಮೊಮ್ಮಗಳು ಒಳಗೆ ನಡೆದುಹೋಗಿ ತನಗೆ ಬೇಕಾದ್ದನ್ನು ಆರಿಸಿಕೊಂಡರೆ ಅದು ಸಣ್ಣ ಸಂಗತಿಯಲ್ಲ. ಕೊನೆಗೆ ಕೈಗೆ ಬಿಲ್ಲಿನ ಚೀಟಿ ಬರುತ್ತದೆ. ಅದನ್ನು ಹಿಡಿದು ಪ್ರಶ್ನೆ ಕೇಳಬಹುದು.

ಆದರೆ ಯಾರನ್ನು ಕೇಳುವುದು? ಬೆಂಗಳೂರಿನ ಒಂದು ಮಳಿಗೆಯಲ್ಲಿ ಕೊಂಡ ಎಣ್ಣೆಯ ಪೊಟ್ಟಣ ಸೋರುತ್ತಿತ್ತು. ಹಿಂದಕ್ಕೆ ಒಯ್ದೆ. ಅಲ್ಲಿದ್ದ ಹುಡುಗಿ, “ಅಣ್ಣಾ, ಬದಲಿಸಿ ಕೊಡುವ ಅಧಿಕಾರ ನನಗಿಲ್ಲ” ಎಂದಳು. ಅಧಿಕಾರ ಇದ್ದವರು ಅಲ್ಲಿರಲಿಲ್ಲ. ಬೆಳಗಿನಿಂದ ನಿಂತು ಅವಳ ಕಾಲು ಊದಿತ್ತು. ಅವಳ ನಗೆಯೂ ಸಂಬಳದ ಲೆಕ್ಕದಲ್ಲಿ ಸೇರಿದೆ. ಆದರೆ ಕೂರಲು ಒಂದು ಸ್ಟೂಲು ಸೇರಿಲ್ಲ. ಕೇರಳ 2018ರಲ್ಲಿ, ನಮ್ಮ ನೆರೆಯ ತಮಿಳುನಾಡು 2021ರಲ್ಲಿ, ಅಂಗಡಿ ನೌಕರರಿಗೆ ಕೂರಲು ಆಸನ ಕೊಡಲೇಬೇಕೆಂದು ಕಾನೂನು ತಿದ್ದಿದವು. ಕೂರಲು ಕಾನೂನು ಬೇಕಾಯಿತು ಎಂಬುದನ್ನು ಯೋಚಿಸಿ!

ಮತ್ತೊಂದು ಮಾತು. ಅಲ್ಲಿಯ ರಿಯಾಯಿತಿ ಯಾರಿಗೆ? ಐದು ಲೀಟರ್ ಎಣ್ಣೆಯನ್ನೋ ಇಪ್ಪತ್ತೈದು ಕಿಲೋ ಅಕ್ಕಿಯನ್ನೋ ಒಟ್ಟಿಗೆ ಕೊಳ್ಳಬಲ್ಲವರಿಗೆ. ದಿನಗೂಲಿಯವನು ದಿನದಿನದ ಪೊಟ್ಟಣ ಕೊಂಡು ಹೆಚ್ಚು ಬೆಲೆ ತೆರುತ್ತಾನೆ. ಕಂಪನಿ ನೇರವಾಗಿ ಸಗಟು ಕೊಳ್ಳುವ ಬೆಲೆಯಲ್ಲಿ ನಮ್ಮ ಸಣ್ಣ ವರ್ತಕನಿಗೆ ಸರಕು ಸಿಗುವುದಿಲ್ಲ. ಹೀಗಿರಲು ಇಬ್ಬರೂ ಸಮಾನ ಸ್ಪರ್ಧಿಗಳೆಂದು ಹೇಳುವುದು, ಕುದುರೆಯ ಜೊತೆ ಕುಂಟನನ್ನು ಓಟಕ್ಕೆ ಬಿಟ್ಟಂತೆ.

ಹಾಗಾದರೆ ದಾರಿ ಏನು? 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 28 ಮಂದಿ ಕೂಡಿ ಒಂದು ಅಂಗಡಿ ತೆರೆದರು. ಅವರಲ್ಲಿ ನೇಯ್ಗೆಯವರು ಅನೇಕರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಮೇಣದಬತ್ತಿ ಇಷ್ಟೇ ಸರಕು. ಕಲಬೆರಕೆಯಿಲ್ಲ, ಸರಿಯಾದ ತೂಕ, ಲಾಭದಲ್ಲಿ ಕೊಂಡವರಿಗೇ ಪಾಲು. ಅವರು ಸಾಲ ಕೊಡುತ್ತಿರಲಿಲ್ಲ. ಬಡವರ ಬಗ್ಗೆ ಕರುಣೆ ಇಲ್ಲದೆ ಅಲ್ಲ. ಸಾಲ ಬಿದ್ದ ಗಿರಾಕಿ ಬಾಯಿ ಕಳೆದುಕೊಳ್ಳುತ್ತಾನೆಂಬುದನ್ನು ಅನುಭವದಿಂದ ಬಲ್ಲವರಾದ್ದರಿಂದ. ನಮ್ಮ ನಾಡಿಗೂ ಸಹಕಾರ ಹೊಸದಲ್ಲ. 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದ ರೈತರು ಸಹಕಾರ ಸಂಘ ಕಟ್ಟಿದರು. ನಮ್ಮ ಹತ್ತು ಸಣ್ಣ ಅಂಗಡಿಯವರು ಕೂಡಿ ಒಂದೇ ಲಾರಿ ಸರಕು ತರಿಸಿದರೆ ಬೆಲೆ ಇಳಿಯುವುದಿಲ್ಲವೇ?

ವರ್ತಕ ಮಿತ್ರರೇ, ನಿಮ್ಮಲ್ಲಿ ನನ್ನ ಬೇಡಿಕೆ ಮೂರೇ. ಮುದ್ರೆ ಬಿದ್ದ ತಕ್ಕಡಿ ಗಿರಾಕಿಯ ಕಣ್ಣಿಗೆ ಕಾಣುವಂತಿರಲಿ. ಬಾಕಿ ಬರೆದರೆ ಗಿರಾಕಿಯ ಕೈಯಲ್ಲೂ ಒಂದು ಪುಸ್ತಕ ಇರಲಿ. ಕೇಳಿದವರಿಗೆ ಮುಖ ಗಂಟಿಕ್ಕದೆ ಬಿಲ್ಲು ಕೊಡಿ. ಬಳಕೆದಾರ ಬಂಧುಗಳೇ, ನಿಮ್ಮಲ್ಲೂ ಒಂದು ಬೇಡಿಕೆ. ಕೈಯಲ್ಲಿ ದುಡ್ಡಿದ್ದಾಗ ದೊಡ್ಡ ಮಳಿಗೆ, ದುಡ್ಡಿಲ್ಲದಾಗ ಬೀದಿ ಅಂಗಡಿ ಎಂಬ ಬುದ್ಧಿಯನ್ನು ಬಿಡಿ. ಸಂಬಳದ ದಿನ ಮೊದಲು ಬಾಕಿ ತೀರಿಸಿ.

ದೊಡ್ಡ ಮಳಿಗೆಯವರು ಕೇಳದಿದ್ದರೆ ಕಾನೂನು ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಆಯೋಗದಲ್ಲಿ ನಾವೇ ದೂರು ಕೊಡಬಹುದು. ವಕೀಲರೇ ಬೇಕೆಂದಿಲ್ಲ, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಲಹೆ ಸಿಗುತ್ತದೆ. ಆದರೆ ದೂರು ಕೊಡುವಾಗ ಎದುರಿಗೆ ನಿಂತಿರುವ ಹುಡುಗಿಯ ಮೇಲೆ ಕೂಗಬೇಡಿ. ಅವಳೂ ನಮ್ಮ ರೈಲಿನವಳೇ. ಅವಳಿಗೆ ಒಂದು ಕುರ್ಚಿ ಕೊಡಿ ಎಂಬ ಮಾತನ್ನೂ ಆ ದೂರಿನ ಜೊತೆಗೇ ಬರೆಯಿರಿ.

ಒಳ್ಳೆಯ ಅಂಗಡಿ ಯಾವುದೆಂದು ಕೇಳಿದಿರಿ. ಹುಳು ಬಿದ್ದ ಬೇಳೆಯನ್ನು ನನ್ನ ತಾಯಿಯಂಥವರು ತಲೆತಗ್ಗಿಸದೆ ಹಿಂದಕ್ಕೆ ಕೊಡಬಲ್ಲ ಅಂಗಡಿ ಯಾವುದೋ ಅದು. ಚಿಕ್ಕದೋ ದೊಡ್ಡದೋ, ನಮ್ಮ ಎರಡೂ ಊರುಗಳಲ್ಲಿ ಅಂಥ ಅಂಗಡಿಗಳನ್ನು ನಾವೇ ಕೂಡಿ ಮಾಡಿಕೊಳ್ಳಬೇಕು.