ಮಲಾಡಿನ ಚಿತ್ರ ಕಾರ್ಖಾನೆ
(ವರ್ತಕ ನಗರದ ನಮ್ಮ ವಾಚನಾಲಯದಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರು ನಮ್ಮಲ್ಲಿ ಹಲವರಿದ್ದಾರೆ. ಆದುದರಿಂದ ಬಹಳ ಹೊತ್ತು ಕೂರಿಸುವುದಿಲ್ಲ. ಸಿನಿಮಾ ನೋಡದವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಸಿನಿಮಾ ತಯಾರಿಸುವ ಸಂಸ್ಥೆಯೂ ಒಂದು ಕಾರ್ಖಾನೆಯೇ. ಅಲ್ಲಿಯೂ ಹಾಜರಿ, ಸಂಬಳ, ಬಾಗಿಲು ಮುಚ್ಚೀತೆಂಬ ಭಯ ಎಲ್ಲವೂ ಉಂಟೆಂದು ನಾವು ಯೋಚಿಸುವುದು ಕಡಮೆ.

ಅಂಥ ಒಂದು ಕಾರ್ಖಾನೆ ನಮಗೆ ದೂರವೇನೂ ಇರಲಿಲ್ಲ. ಠಾಣೆಯಲ್ಲಿ ಗಾಡಿ ಹತ್ತಿ, ದಾದರಿನಲ್ಲಿ ಇಳಿದು, ಪಶ್ಚಿಮ ರೈಲ್ವೆಯ ಗಾಡಿ ಹಿಡಿದರೆ ಮಲಾಡ್. ಅಲ್ಲಿ 1934ರಲ್ಲಿ ಹಿಮಾಂಶು ರಾಯ್ ಮತ್ತು ಅವರ ಪತ್ನಿ ದೇವಿಕಾ ರಾಣಿ ‘ಬಾಂಬೆ ಟಾಕೀಸ್’ ಸಂಸ್ಥೆಯನ್ನು ಕಟ್ಟಿದರು. ಷೇರು ಬಂಡವಾಳದ ಕಂಪನಿ. ಸ್ವಂತ ಸ್ಟುಡಿಯೋ, ಸ್ವಂತ ಪ್ರಯೋಗಶಾಲೆ. ನಿರ್ದೇಶಕ ಫ್ರಾಂಜ್ ಆಸ್ಟೆನ್, ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್ ಜರ್ಮನಿಯಿಂದ ಬಂದವರು. ಅವರ ಕೈಕೆಳಗೆ ನಮ್ಮವರು ಕೆಲಸ ಕಲಿತರು. ನಟರಿಗೂ ತಿಂಗಳ ಸಂಬಳವೇ. ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದ ತರುಣನೊಬ್ಬ 1936ರಲ್ಲಿ ನಾಯಕನಾದನು. ಆತನೇ ಅಶೋಕ್ ಕುಮಾರ್.

ಇಷ್ಟು ಭದ್ರವಾದ ಮನೆ ಹೇಗೆ ಬಿತ್ತು? 1939ರಲ್ಲಿ ಯುದ್ಧ ಬಂದಿತು. ಜರ್ಮನರನ್ನು ಸರಕಾರ ಬಂಧನದಲ್ಲಿಟ್ಟಿತು. ಮರುವರ್ಷ ಹಿಮಾಂಶು ರಾಯರೇ ತೀರಿಕೊಂಡರು. ಆಡಳಿತದ ಹೊಣೆ ದೇವಿಕಾ ರಾಣಿಯವರ ಮೇಲೆ ಬಿತ್ತು. 1943ರ ‘ಕಿಸ್ಮತ್’ ಚಿತ್ರವು ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಹಣ ಬಂದಿತು, ಮನೆ ಮಾತ್ರ ಒಡೆಯಿತು. ಶಶಧರ ಮುಖರ್ಜಿ, ಅಶೋಕ್ ಕುಮಾರ್ ಮೊದಲಾದವರು ಹೊರಬಿದ್ದು ‘ಫಿಲ್ಮಿಸ್ತಾನ್’ ಸ್ಥಾಪಿಸಿದರು. 1945ರಲ್ಲಿ ದೇವಿಕಾ ರಾಣಿಯವರೂ ಸಂಸ್ಥೆಯನ್ನು ಬಿಟ್ಟರು. ಚಿತ್ರಕಾರ ರೋರಿಕ್ ಅವರನ್ನು ಮದುವೆಯಾಗಿ, ಮುಂದೆ ನಮ್ಮ ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ನೆಲೆಸಿದರು.

ಇದರ ಜೊತೆಗೆ ವ್ಯಾಪಾರದ ರೀತಿಯೇ ಬದಲಾಗಿತ್ತು. ಯುದ್ಧಕಾಲದ ಲೆಕ್ಕವಿಲ್ಲದ ಹಣ ಸಿನಿಮಾಕ್ಕೆ ಹರಿಯಿತು. ಹೊಸ ನಿರ್ಮಾಪಕನಿಗೆ ಸ್ವಂತ ಸ್ಟುಡಿಯೋ ಬೇಡ, ಖಾಯಂ ನೌಕರರು ಬೇಡ. ಬಾಡಿಗೆಗೆ ಜಾಗ ಹಿಡಿದು, ಹೆಸರಾದ ನಟನ ಮುಂದೆ ದೊಡ್ಡ ಮೊತ್ತ ಇಟ್ಟರಾಯಿತು. ತಿಂಗಳ ಸಂಬಳಕ್ಕೆ ಆ ನಟ ಏಕೆ ಉಳಿದಾನು? ಸ್ಟುಡಿಯೋಗಾದರೋ ಚಿತ್ರ ಓಡಲಿ, ಬಿಡಲಿ, ಒಂದನೆಯ ತಾರೀಖು ತಪ್ಪುವುದಿಲ್ಲ. 1947ರಲ್ಲಿ ಅಶೋಕ್ ಕುಮಾರ್ ಹಿಂದಿರುಗಿದರು. 1949ರಲ್ಲಿ ‘ಮಹಲ್’ ಗೆದ್ದಿತು. ಆದರೂ ಸಂಸ್ಥೆ ಚೇತರಿಸಲಿಲ್ಲ.

ಕೊನೆಗೆ ನಡೆದುದನ್ನು ನಾವು ಮುಖ್ಯವಾಗಿ ನೆನೆಯಬೇಕು. ಕೆಲಸಗಾರರೇ ಸಹಕಾರ ಸಂಘ ಮಾಡಿಕೊಂಡು 1954ರಲ್ಲಿ ‘ಬಾದ್‌ಬಾನ್’ ಎಂಬ ಚಿತ್ರವನ್ನು ಹೊರತಂದರು. ಬಾದ್‌ಬಾನ್ ಎಂದರೆ ಹಡಗಿನ ಹಾಯಿ. ಆದರೆ ಹಡಗು ದಡ ಸೇರಲಿಲ್ಲ. ಬಾಂಬೆ ಟಾಕೀಸ್ ಮುಚ್ಚಿತು. 1982ರ ಮುಷ್ಕರದ ತರುವಾಯ ಗಿರಣಿಯಿಂದ ಹೊರಬಿದ್ದವರ ಮಕ್ಕಳು ನಮ್ಮ ನಡುವೆ ಇದ್ದಾರೆ. ಆ ಕೆಲಸಗಾರರ ಸಂಕಟವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಏನೂ ಉಳಿಯಲಿಲ್ಲವೆ? ಉಳಿಯಿತು, ಕಲಿತ ಕೈ ಉಳಿಯಿತು. ಪುಣೆಯ ‘ಪ್ರಭಾತ್’ ಸಂಸ್ಥೆಯೂ 1953ರಲ್ಲಿ ಮುಚ್ಚಿತು. ಆದರೆ ಅಲ್ಲಿ ಕೆಲಸ ಕಲಿತಿದ್ದ, ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತರು ಆ ವೇಳೆಗೆ ದೊಡ್ಡ ನಿರ್ದೇಶಕರಾಗುತ್ತಿದ್ದರು. ಅವರ ಸ್ವಂತ ಕಂಪನಿಯ ‘ಕಾಗಜ್ ಕೇ ಫೂಲ್’ 1959ರಲ್ಲಿ ಸೋತು ಭಾರಿ ನಷ್ಟವಾಯಿತು. ಆದರೆ ಅದರಲ್ಲಿ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ ಚಿತ್ರಿಸಿದ ಮೈಸೂರಿನ ವಿ. ಕೆ. ಮೂರ್ತಿಯವರ ಕೈಚಳಕ ಸೋಲಲಿಲ್ಲ. ಅವರಿಗೆ 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಿತು.

ಬಂಧುಗಳೆ, ಒಬ್ಬರ ಹೆಗಲ ಮೇಲೆ ನಿಂತ ಸಂಸ್ಥೆ ಆ ಹೆಗಲು ಸರಿದೊಡನೆ ವಾಲುತ್ತದೆ. ಉಳಿದವರು ಒಟ್ಟುಗೂಡುವ ಹೊತ್ತಿಗೆ ತಡವಾಗಿರುತ್ತದೆ. ನಮ್ಮ ಈ ವಾಚನಾಲಯದ ಬೀಗದಕೈ ಎಷ್ಟೋ ವರ್ಷಗಳಿಂದ ಒಬ್ಬರ ಕಿಸೆಯಲ್ಲೇ ಇದೆ. ಅವರಿಗೆ ಜ್ವರ ಬಂದ ದಿನ ನಾವೆಲ್ಲರೂ ಮುಚ್ಚಿದ ಬಾಗಿಲು ನೋಡಿ ಹಿಂದಿರುಗಿದ್ದೇವೆ. ಇನ್ನು ಮುಂದೆ ವಾರಕ್ಕೊಬ್ಬರಂತೆ ಬಾಗಿಲು ತೆರೆಯೋಣ, ಕಸ ಗುಡಿಸೋಣ, ಪುಸ್ತಕದ ಲೆಕ್ಕ ಬರೆಯುವುದನ್ನು ಹುಡುಗರಿಗೂ ಕಲಿಸೋಣ. ಹೆಸರು ಕೊಡುವವರು ಈಗಲೇ ಕೊಡಬಹುದು; ಪಟ್ಟಿ ಮೇಜಿನ ಮೇಲಿದೆ.